ಕಡಲ ದಂಡೆಯಲ್ಲಿ ಹದಿನಾಲ್ಕು ದಿನ

ಯಾತ್ರೆಯೆಂದರೆ ನಮ್ಮ ಮನೆತನಗಳಲ್ಲಿ ಇಂದಿಗೂ ಕೂಡಲಸಂಗಮ, ಬಸವಕಲ್ಯಾಣ, ಉಳವಿ, ಶ್ರೀಶೈಲಗಳೇ ಮೊದಲು ನೆನಪಿಗೆ ಬರುತ್ತವೆ. ಬುತ್ತಿ ಕಟ್ಟಿಕೊಂಡು, ವಿಭೂತಿ ಧರಿಸಿ, ಹಿರಿಯರಿಗೆ ನಮಸ್ಕರಿಸಿ ಹೊರಡುವುದೇ ನಾವು ಅರಿತ ಪ್ರವಾಸ. ಆದರೆ 2025ರ ಶ್ರಾವಣ ಮಾಸದಲ್ಲಿ ನಾವು ಕೈಗೊಂಡ ಪ್ರಯಾಣವು ಇದಕ್ಕಿಂತ ತೀರ ಭಿನ್ನವಾದುದು. ನಾವು ಹೋದದ್ದು ಕೇರಳದ ದಕ್ಷಿಣ ತುದಿಯ ಕಡಲ ದಂಡೆಯಲ್ಲಿರುವ ಒಂದು ಆಯುರ್ವೇದ ವಿಶ್ರಾಂತಿಧಾಮಕ್ಕೆ. ಈಗಿನವರ ಮಾತಿನಲ್ಲಿ ಹೇಳುವುದಾದರೆ ಒಂದು ರೆಸಾರ್ಟಿಗೆ. ಊರಿನಲ್ಲಿ ಪುರಾಣ ಪ್ರವಚನಗಳು ಆರಂಭವಾಗುವ ಪವಿತ್ರ ಕಾಲದಲ್ಲಿ ಮೈಗೆ ಎಣ್ಣೆ ತಿಕ್ಕಿಸಿಕೊಳ್ಳಲು ಅಷ್ಟು ದೂರ ಹೋಗುವುದೇ ಎಂಬ ಸಂಕೋಚ ನಮಗಿತ್ತು. ನೆರೆಹೊರೆಯವರಿಗೆ 'ಕೇರಳ ನೋಡಲು ಹೋಗುತ್ತಿದ್ದೇವೆ' ಎಂದಷ್ಟೇ ಹೇಳಿ ಹೊರಟೆವು. ಆ ಸಂಕೋಚವು ಎಲ್ಲಿ ಕರಗಿತು, ಅದರ ಸ್ಥಾನದಲ್ಲಿ ಯಾವ ಚಿಂತೆ ಬಂದು ಕುಳಿತಿತು ಎಂಬುದನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಹೊರಡಲು ಕಾರಣ ನಮ್ಮ ಮನೆಯವರ ಮೊಣಕಾಲು ನೋವು. ನಮ್ಮ ತಾಯಿಯವರು ಹಾಸಿಗೆ ಹಿಡಿದ ಎಂಟು ವರ್ಷ ಅವರನ್ನು ಎತ್ತಿ, ಕೂರಿಸಿ, ಮೀಯಿಸಿ, ಉಣ್ಣಿಸಿದವರು ಅವರೇ. ತಾಯಿಯವರು ಲಿಂಗೈಕ್ಯರಾದ ಮೇಲೆ ನೋಡಿದರೆ, ಎತ್ತಿದವರ ಕಾಲುಗಳೇ ಸೋತು ಹೋಗಿದ್ದವು. ರಾತ್ರಿ ನಿದ್ರೆಯೂ ಇಲ್ಲ. ಮೂಳೆ ತಜ್ಞರು ಸವೆತವೆಂದು ಹೇಳಿ, ಶಸ್ತ್ರಚಿಕಿತ್ಸೆಗೆ ಇನ್ನೂ ಕಾಲವಿದೆಯೆಂದರು. ಮಗನು ದೂರದಿಂದಲೇ ಎಲ್ಲ ಏರ್ಪಾಡು ಮಾಡಿ, 'ಅವ್ವ ಹದಿನಾಲ್ಕು ದಿನ ಒಲೆಯ ಮುಂದೆ ನಿಲ್ಲಬಾರದು' ಎಂಬ ಒಂದೇ ಕರಾರು ಹಾಕಿದನು.

ಬೆಂಗಳೂರಿನಿಂದ ರಾತ್ರಿ ಹೊರಡುವ ಕನ್ಯಾಕುಮಾರಿ ಎಕ್ಸ್‌ಪ್ರೆಸ್ಸಿನಲ್ಲಿ ಕುಳಿತೆವು. ಹಳಬರು ಇದನ್ನು ಇಂದಿಗೂ ಐಲೆಂಡ್ ಎಕ್ಸ್‌ಪ್ರೆಸ್ ಎನ್ನುತ್ತಾರೆ. ಹಿಂದೆ ಈ ಗಾಡಿ ಕೊಚ್ಚಿಯ ವಿಲಿಂಗ್ಡನ್ ದ್ವೀಪದವರೆಗೆ ಹೋಗುತ್ತಿದ್ದುದರಿಂದ ಬಂದ ಹೆಸರದು. ಪಾಲಕ್ಕಾಡಿನ ಬಳಿ ಪಶ್ಚಿಮ ಘಟ್ಟಗಳು ಬಾಗಿಲು ತೆರೆದಂತೆ ಬಿಟ್ಟುಕೊಡುವ ಕಣಿವೆಯನ್ನು ದಾಟಿದೊಡನೆ ಮಳೆ ಎದುರಾಯಿತು. ಅಲ್ಲಿಂದ ಮುಂದೆ ತೆಂಗು, ಬಾಳೆ, ಹಿನ್ನೀರು, ಹೆಂಚಿನ ಮನೆ; ನಮ್ಮ ಬಯಲುಸೀಮೆಯ ಕಣ್ಣುಗಳಿಗೆ ಅಷ್ಟೊಂದು ಹಸಿರು ನಂಬಲಾಗದ ನೋಟ. ಮರುದಿನ ಮಧ್ಯಾಹ್ನ ತಿರುವನಂತಪುರದಲ್ಲಿ ಇಳಿದು, ಕೋವಳಂ ಮತ್ತು ವಿಳಿಂಜಂ ದಾಟಿ, ಚೊವ್ವರದ ಕಡೆಯ ಗುಡ್ಡದ ಮೇಲಿದ್ದ ನಮ್ಮ ತಂಗುದಾಣವನ್ನು ಸೇರಿದೆವು.

ಈ ದಂಡೆಯ ಕಥೆಯೂ ಸ್ವಾರಸ್ಯಕರವಾದುದು. 1970ರ ದಶಕದಲ್ಲಿ ಕೋವಳಂ ಹೆಗಲಚೀಲ ಹೊತ್ತು ಅಲೆಯುವ ಪಾಶ್ಚಾತ್ಯ ತರುಣರ ಬೀಡಾಗಿತ್ತು. 1980ರ ದಶಕದ ನಡುವಿನಿಂದ ಅದರ ದಕ್ಷಿಣಕ್ಕಿರುವ ಗುಡ್ಡಗಳಲ್ಲಿ ವೈದ್ಯರನ್ನೂ ಎಣ್ಣೆಯ ಕೋಣೆಗಳನ್ನೂ ಒಳಗೊಂಡ ವಸತಿಗೃಹಗಳು ತಲೆಯೆತ್ತಿದವು. ಮನೆಯಂಗಳದ ವೈದ್ಯವು ಹೀಗೆ ಲೋಕದ ಪ್ರವಾಸಿಗರ ವೈದ್ಯವಾಯಿತು. ಕೇರಳದ ಅಷ್ಟವೈದ್ಯ ಮನೆತನಗಳು ತಲೆಮಾರುಗಳಿಂದ ಪೂಜ್ಯವೆಂದು ಪಠಿಸುತ್ತ ಬಂದ ವಾಗ್ಭಟನ 'ಅಷ್ಟಾಂಗಹೃದಯ'ವು ಇಂದು ಜರ್ಮನಿ, ಸ್ವಿಟ್ಜರ್ಲೆಂಡುಗಳಿಂದ ಬಂದ ಅತಿಥಿಗಳ ಬಾಯಲ್ಲಿಯೂ ಕೇಳಿಬರುತ್ತದೆ.

ಮಳೆಗಾಲದಲ್ಲಿಯೇ ಏಕೆ ಬರಬೇಕು ಎಂದು ನಾವು ಕೇಳಿದೆವು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕರ್ಕಟಕ ಮಾಸವು ಮಲಯಾಳಿಗಳಿಗೆ ಚಿಕಿತ್ಸೆಯ ತಿಂಗಳು. ಹೊಲದ ಕೆಲಸ ಕಡಿಮೆ. ಬಿಸಿಲು, ಧೂಳು ಇಲ್ಲ. ತಂಪಿನಲ್ಲಿ ಮೈಯು ಎಣ್ಣೆಯನ್ನು ಚೆನ್ನಾಗಿ ಹೀರುವುದೆಂದು ಪರಂಪರೆಯ ನಂಬಿಕೆ. ಮಳೆಗಾಲದಲ್ಲಿ ವಾತವು ಕೆರಳುವುದೆಂದು ಶಾಸ್ತ್ರವೂ ಹೇಳುತ್ತದೆ. ಆ ತಿಂಗಳು ಮನೆಮನೆಯಲ್ಲಿ ಮದ್ದಿನ ಗಂಜಿ ಕುಡಿಯುತ್ತಾರೆ, ಸಂಜೆ ದೀಪವಿಟ್ಟು ರಾಮಾಯಣ ಓದುತ್ತಾರೆ. ನಮ್ಮಲ್ಲಿ ಶ್ರಾವಣದ ಪ್ರವಚನವಿದ್ದಂತೆ ಅವರಲ್ಲಿ ಕರ್ಕಟಕದ ಪಾರಾಯಣ. ಮಳೆಯು ಮನುಷ್ಯನನ್ನು ಒಳಗೆ ಕೂರಿಸಿದಾಗ ಆತ್ಮವನ್ನೂ ಶರೀರವನ್ನೂ ಒಟ್ಟಿಗೆ ತೊಳೆದುಕೊಳ್ಳುವ ಈ ಪದ್ಧತಿಯಲ್ಲಿ ಎರಡು ನಾಡುಗಳ ಹಿರಿಯರು ಒಂದೇ ಬಗೆಯಾಗಿ ಯೋಚಿಸಿದ್ದರೆಂದು ತೋರಿತು.

ಮೊದಲ ದಿನ ವೈದ್ಯೆಯವರು ನಾಡಿ, ನಾಲಿಗೆ, ನಿದ್ರೆ, ಹಸಿವು ಎಲ್ಲವನ್ನೂ ವಿಚಾರಿಸಿ, ನಾವು ಒಯ್ದಿದ್ದ ಕ್ಷಕಿರಣದ ಚಿತ್ರವನ್ನೂ ನೋಡಿದರು. ಅವರ ಮಾತು ನೇರವಾಗಿತ್ತು: ಸವೆದ ಕೀಲು ಎಣ್ಣೆಯಿಂದ ಮತ್ತೆ ಬೆಳೆಯುವುದಿಲ್ಲ, ಬಿಗಿತವೂ ನೋವೂ ಕಡಿಮೆಯಾಗಬಹುದು, ನಿದ್ರೆ ಬರಬಹುದು, ರಕ್ತದೊತ್ತಡದ ಮಾತ್ರೆಯನ್ನು ಯಾವ ಕಾರಣಕ್ಕೂ ಬಿಡಬಾರದು. ದೊಡ್ಡ ಮಾತನಾಡದ ವೈದ್ಯರ ಮೇಲೆ ನಮಗೆ ವಿಶ್ವಾಸ ಹುಟ್ಟಿತು.

ಆದರೆ ಮರುದಿನ ಮುಂಜಾನೆಯೇ ಒಂದು ತೊಡಕು ಎದುರಾಯಿತು. ಎಣ್ಣೆಯ ಕೋಣೆಯಲ್ಲಿ ಪರಿಚಾರಿಕೆಯು ಬಳೆ, ಸರ, ಓಲೆಗಳನ್ನು ತೆಗೆದಿಡಲು ಹೇಳಿ, ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯತ್ತಲೂ ಕೈ ಚಾಚಿದಳು. ನಮ್ಮ ಮನೆಯವರು ಅದನ್ನು ಎರಡೂ ಕೈಗಳಿಂದ ಮುಚ್ಚಿಕೊಂಡು ಎದ್ದು ನಿಂತರಂತೆ. ದೀಕ್ಷೆಯಾದಂದಿನಿಂದ ಅಂಗದಿಂದ ಲಿಂಗವು ಅಗಲಿದ್ದಿಲ್ಲ. ಬಿಸಿ ಎಣ್ಣೆಯು ಲಿಂಗದ ಕಾಂತಿಗೆ ತಾಗಲೂಬಾರದು. ಭಾಷೆ ತಿಳಿಯದ ಇಬ್ಬರು ಹೆಂಗಸರ ನಡುವೆ ಏನು ನಡೆಯಬೇಕು? 'ಇದು ಒಡವೆಯಲ್ಲವ್ವಾ, ನನ್ನ ಪ್ರಾಣ' ಎಂದು ಕನ್ನಡದಲ್ಲಿಯೇ ಹೇಳಿದರು. ಪ್ರಾಣವೆಂಬ ಮಾತು ಮಲಯಾಳದಲ್ಲಿಯೂ ಪ್ರಾಣವೇ. ಆಕೆಗೆ ಅಷ್ಟು ಸಾಕಾಯಿತು.

ಹೊರಗೆ ಹೋಗಿ ವೈದ್ಯೆಯವರನ್ನು ಕರೆತಂದಳು. ಚಿಕಿತ್ಸೆ ಬೇಡವೆಂದು ಊರಿಗೆ ಮರಳಲು ನಮ್ಮ ಮನೆಯವರು ಸಿದ್ಧರಾಗಿದ್ದರು. ವೈದ್ಯೆಯವರು ಎಲ್ಲವನ್ನೂ ಕೇಳಿ ತಿಳಿದು, ಅಂಗೈಯಲ್ಲಿ ಇಟ್ಟುಕೊಳ್ಳಬಹುದೇ ಎಂದರು. ಶರಣರ ಕರಸ್ಥಲವೇ ಅದಲ್ಲವೇ! ಕೊನೆಗೆ, ಒಗೆದ ಬಿಳಿಯ ಬಟ್ಟೆಯಲ್ಲಿ ಕರಡಿಗೆಯನ್ನು ಸುತ್ತಿ ಎಡಗೈಯಲ್ಲಿ ಹಿಡಿದು ಮಲಗುವುದು, ಎಡದ ಮಣಿಕಟ್ಟಿನಿಂದ ಕೆಳಗೆ ಎಣ್ಣೆ ಹಚ್ಚದಿರುವುದು ಎಂದು ನಿಶ್ಚಯವಾಯಿತು. ಹದಿನಾಲ್ಕು ದಿನಗಳಲ್ಲಿ ಎಣ್ಣೆ ಸೋಕದೆ ಉಳಿದದ್ದು ಆ ಒಂದು ಅಂಗೈ ಮಾತ್ರ. ಮೂರನೆಯ ದಿನದಿಂದ ಆ ಪರಿಚಾರಿಕೆಯು ಹೇಳದೆಯೇ ಒಗೆದ ಬಟ್ಟೆಯನ್ನು ಮಡಿಚಿ ಸಿದ್ಧವಾಗಿ ಇಟ್ಟಿರುತ್ತಿದ್ದಳು.

ಚಿಕಿತ್ಸೆಯ ಕ್ರಮವನ್ನು ಸ್ವಲ್ಪ ವಿವರಿಸುವುದು ಉಚಿತ. ವಮನ, ವಿರೇಚನ, ಬಸ್ತಿ, ನಸ್ಯ, ರಕ್ತಮೋಕ್ಷಣ ಇವು ಪಂಚಕರ್ಮಗಳು. ಎಲ್ಲರಿಗೂ ಎಲ್ಲವೂ ಬೇಕಿಲ್ಲ. ಅವುಗಳಿಗೆ ಮೊದಲು ಸ್ನೇಹನ ಮತ್ತು ಸ್ವೇದನ, ಅಂದರೆ ಜಿಡ್ಡು ಉಣಿಸಿ ಬೆವರಿಸುವ ಪೂರ್ವಸಿದ್ಧತೆ. ಇವಲ್ಲದೆ ಕೇರಳದ ವೈದ್ಯರು ಬೆಳೆಸಿದ ವಿಶೇಷ ಪದ್ಧತಿಗಳಿವೆ. ಮರದ ಉದ್ದನೆಯ ದ್ರೋಣಿಯಲ್ಲಿ ಮಲಗಿಸಿ, ಬೆಚ್ಚಗಿನ ಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಮೈಮೇಲೆ ಹಿಂಡುತ್ತ ತಿಕ್ಕುವುದು 'ಪಿಳಿಚ್ಚಿಲ್'. ಹಿಂಡುವುದೆಂದೇ ಆ ಮಾತಿನ ಅರ್ಥ. ಞವರ ಎಂಬ ಅಕ್ಕಿಯನ್ನು ಹಾಲು ಮತ್ತು ಬಲಾಮೂಲದ ಕಷಾಯದಲ್ಲಿ ಬೇಯಿಸಿ ಗಂಟು ಕಟ್ಟಿ ಮೈಗೆ ಒತ್ತುವುದು 'ಞವರಕ್ಕಿಳಿ'. ಸುಮಾರು ಅರವತ್ತು ದಿನಗಳಲ್ಲಿ ಬೆಳೆದು ಕೊಯ್ಲಿಗೆ ಬರುವುದರಿಂದ ಸಂಸ್ಕೃತದಲ್ಲಿ ಆ ಭತ್ತಕ್ಕೆ ಷಷ್ಟಿಕವೆಂದು ಹೆಸರು. ಮೊಣಕಾಲಿನ ಮೇಲೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬಿಸಿ ಎಣ್ಣೆ ತುಂಬಿ ನಿಲ್ಲಿಸುವುದು ಜಾನುಬಸ್ತಿ. ವಡೆಗೆ ರುಬ್ಬುವ ಉದ್ದು ಕಾಲಿಗೆ ಕಟ್ಟೆಯಾಗುವುದನ್ನು ಕಂಡು ನಮ್ಮ ಮನೆಯವರು ನಕ್ಕದ್ದು ಆ ಊರಿನಲ್ಲಿ ಅವರ ಮೊದಲ ನಗೆ.

ಪಥ್ಯವೂ ಕಟ್ಟುನಿಟ್ಟು. ಹಗಲು ನಿದ್ರೆ ಇಲ್ಲ; ತಣ್ಣೀರು ಇಲ್ಲ; ಸಮುದ್ರದ ಗಾಳಿಗೆ ತಲೆಯೊಡ್ಡುವಂತಿಲ್ಲ. ಎದುರಿಗೆ ಅರಬ್ಬೀ ಸಮುದ್ರ ಮೊರೆಯುತ್ತಿದ್ದರೂ ನಾವು ಅದರಲ್ಲಿ ಕಾಲಿಡಲಿಲ್ಲ. ಶುಂಠಿಯ ನೀರು, ಕೆಂಪಕ್ಕಿಯ ಗಂಜಿ, ಹೆಸರುಕಾಳು, ಬೂದುಗುಂಬಳದ ಪಲ್ಯ, ಮಜ್ಜಿಗೆಯ ಸಾರು. ಚಿಕಿತ್ಸೆಯಲ್ಲಿರುವವರಿಗೆಲ್ಲ ಶಾಕಾಹಾರವೇ ಆದುದರಿಂದ, ಪರನಾಡಿನಲ್ಲಿ ಊಟದ ಶುದ್ಧಿಯೇನು ಎಂಬ ನಮ್ಮ ಆತಂಕ ಮೊದಲ ದಿನವೇ ದೂರವಾಯಿತು. ಏಳು ಗಂಟೆಗೆ ಎಣ್ಣೆಯ ಕರೆ ಬರುತ್ತಿದ್ದುದರಿಂದ ಐದಕ್ಕೇ ಎದ್ದು ಲಿಂಗಪೂಜೆ ಮುಗಿಸುತ್ತಿದ್ದೆವು. ಒಂದು ದಿನ ಪಕ್ಕದ ಕೋಣೆಯ ಜರ್ಮನ್ ವೃದ್ಧೆಯೊಬ್ಬರು ಬಾಗಿಲಲ್ಲಿ ನಿಂತು ನೋಡಿ, ಆಮೇಲೆ ಅಂಗೈಯಲ್ಲಿ ಏನನ್ನು ನೋಡುತ್ತೀರಿ ಎಂದು ವಿಚಾರಿಸಿದರು. ನಮಗೆ ತಿಳಿದ ಇಂಗ್ಲಿಷಿನಲ್ಲಿ ಹನ್ನೆರಡನೆಯ ಶತಮಾನದ ಕಲ್ಯಾಣದ ಸಂಗತಿಯನ್ನು ಹೇಳಿದೆವು. ದೇವರನ್ನು ನೋಡಲು ಯಾರ ಅನುಮತಿಯೂ ಬೇಡವಾದ ಧರ್ಮವೇ ಎಂದು ಅವರು ಕೇಳಿದ ಪ್ರಶ್ನೆ ನಮ್ಮ ಯಾವ ಉತ್ತರಕ್ಕಿಂತಲೂ ಚೆನ್ನಾಗಿತ್ತು.

ಒಂಬತ್ತನೆಯ ದಿನ ಶಿರೋಧಾರೆ. ಹಣೆಯ ಮೇಲೆ ತೂಗುವ ಪಾತ್ರೆಯಿಂದ ಎಣ್ಣೆಯ ಎಳೆಯು ಮುಕ್ಕಾಲು ಗಂಟೆ ಇಳಿಯುತ್ತಿರುತ್ತದೆ. ಅದನ್ನು ಮುಗಿಸಿ ಹೊರಬಂದ ನಮ್ಮ ಮನೆಯವರು ಜಗಲಿಯಲ್ಲಿ ಕುಳಿತು ಅತ್ತರು. ನೋವಾಯಿತೇ ಎಂದು ಗಾಬರಿಯಿಂದ ಕೇಳಿದೆವು. 'ಇಲ್ಲ. ಇಷ್ಟು ವರ್ಷದಲ್ಲಿ ನನ್ನ ಕಾಲು ಒತ್ತಿದ ಮೊದಲನೆಯವಳು ಈ ಅಪರಿಚಿತಳು' ಎಂದರು. ಆ ಮಾತಿನಲ್ಲಿ ದೂರಿರಲಿಲ್ಲ. ಇದ್ದಿದ್ದರೆ ನಮಗೆ ಸಹಿಸುವುದು ಸುಲಭವಾಗುತ್ತಿತ್ತು. ನಮ್ಮ ಮನೆಯಲ್ಲಿ ಜಂಗಮರಿಗೆ, ಬಂಧುಗಳಿಗೆ, ಹೋಗಿಬರುವವರಿಗೆ ಎಂದೂ ದಾಸೋಹ ತಪ್ಪಿರಲಿಲ್ಲ. ನಾವು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆವು. ಆ ದಾಸೋಹದ ಒಲೆಯ ಮುಂದೆ ಮೂವತ್ತೇಳು ವರ್ಷ ನಿಂತ ಕಾಲುಗಳು ಯಾರವು ಎಂಬುದನ್ನು ನಾವು ಒಮ್ಮೆಯೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಕಾಯವನ್ನೇ ದೇವಾಲಯವೆಂದು ಕಂಡವರು ನಮ್ಮ ಶರಣರು. ಹಾಗಿದ್ದ ಮೇಲೆ ನಮ್ಮ ಮನೆಯಲ್ಲಿಯೇ ಒಂದು ದೇವಾಲಯವು ಜೀರ್ಣವಾಗುತ್ತಿದ್ದುದನ್ನು ನಾವು ನೋಡದೆ ಹೋದೆವಲ್ಲ!

ಇನ್ನು ಆ ಪರಿಚಾರಿಕೆಯ ಮಾತು. ಆಕೆ ಅಲ್ಲಿಯ ಬೆಸ್ತರ ಕೇರಿಯವಳು. ಮಳೆಗಾಲದ ಕಡಲಿನಲ್ಲಿ ಗಂಡನ ದುಡಿಮೆಗೆ ನೆಚ್ಚಿಕೆಯಿಲ್ಲ. 2025ರ ಮೇ 25ರಂದು ಕೊಚ್ಚಿಯ ಆಚೆ ಸರಕಿನ ಹಡಗೊಂದು ಮುಳುಗಿ, ಅದರಲ್ಲಿದ್ದ ಪ್ಲಾಸ್ಟಿಕ್ ಹರಳುಗಳು ತಿರುವನಂತಪುರದ ದಂಡೆಯವರೆಗೂ ತೇಲಿಬಂದಿದ್ದವು. ಮೀನು ಕೊಳ್ಳುವವರೂ ಹಿಂಜರಿದರೆಂದು ಆಕೆ ಹೇಳಿದಳು. ಗುಡ್ಡದ ಮೇಲಿನಿಂದ ನೋಡಿದರೆ ಒಂದು ಕಡೆ ಅದೇ ವರ್ಷದ ಮೇ 2ರಂದು ರಾಷ್ಟ್ರಕ್ಕೆ ಸಮರ್ಪಿತವಾದ ವಿಳಿಂಜಂ ಬಂದರಿನ ಎತ್ತರದ ಕ್ರೇನುಗಳು, ಬೆಟ್ಟದಂತಹ ಹಡಗುಗಳು. ಇನ್ನೊಂದು ಕಡೆ ಮರಳಿನ ಮೇಲೆ ಮಗುಚಿಟ್ಟ ಪುಟ್ಟ ದೋಣಿಗಳು. ದಿನಕ್ಕೆ ನಾಲ್ಕೈದು ಮಂದಿಯ ಮೈ ತಿಕ್ಕುವ ಆಕೆಯ ಮಣಿಕಟ್ಟುಗಳು ಸಂಜೆಗೆ ಊದಿಕೊಳ್ಳುತ್ತಿದ್ದವು. 'ನಿನ್ನ ಕೈ ಯಾರು ಒತ್ತುತ್ತಾರೆ?' ಎಂದು ನಮ್ಮ ಮನೆಯವರು ಸನ್ನೆಯಲ್ಲಿ ಕೇಳಿದಾಗ ಆಕೆ ನಕ್ಕುಬಿಟ್ಟಳಂತೆ. ನಾವು ಅಲ್ಲಿ ಕಳೆದ ಹದಿನಾಲ್ಕು ದಿನಗಳ ಖರ್ಚು ನಮ್ಮ ಮೂರು ತಿಂಗಳ ನಿವೃತ್ತಿ ವೇತನದಷ್ಟು. ಆಕೆಯ ತಾಯಿಗೂ ಮೊಣಕಾಲು ನೋವಿತ್ತು. ಆ ತಾಯಿಗೆ ಆ ದ್ರೋಣಿಯಲ್ಲಿ ಮಲಗುವ ಭಾಗ್ಯ ಎಲ್ಲಿಯದು?

ಈ ಪ್ರಶ್ನೆಯನ್ನು ಕೇರಳದವರೇ ಹಿಂದೆ ಕೇಳಿಕೊಂಡಿದ್ದಾರೆ. ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ ವೈದ್ಯರತ್ನಂ ಪಿ. ಎಸ್. ವಾರಿಯರ್ ಅವರು 1902ರಲ್ಲಿ ಆರ್ಯವೈದ್ಯಶಾಲೆಯನ್ನು ಸ್ಥಾಪಿಸಿ, 1924ರಲ್ಲಿ ಧರ್ಮಾಸ್ಪತ್ರೆಯನ್ನೂ ತೆರೆದರು. ಉಳ್ಳವರಿಗೆ ಮಾರಿದ ಔಷಧದ ಗಳಿಕೆಯು ಇಲ್ಲದವರ ಚಿಕಿತ್ಸೆಗೆ ಒದಗುವಂತೆ ಮಾಡಿದ ಅವರ ಕಾರ್ಯವನ್ನು ನಮ್ಮ ಮಾತಿನಲ್ಲಿ ಕಾಯಕ ಮತ್ತು ದಾಸೋಹ ಎನ್ನದೆ ಬೇರೇನೆನ್ನಬೇಕು? ಅವರ ಸೋದರಳಿಯ ಡಾ. ಪಿ. ಕೆ. ವಾರಿಯರ್ ಅವರು ಆ ದೀಪವನ್ನು ದಶಕಗಳ ಕಾಲ ಕಾಪಾಡಿ, ನೂರು ವರ್ಷ ತುಂಬಿದ ಮರುತಿಂಗಳು, 2021ರ ಜುಲೈಯಲ್ಲಿ, ತೀರಿಕೊಂಡರು. ನಮ್ಮ ಶರಣರ ನಡುವೆಯೂ ವೈದ್ಯ ಸಂಗಣ್ಣನವರೆಂಬ ವಚನಕಾರರಿದ್ದರು. ರೋಗ, ಔಷಧ, ನಾಡಿಗಳ ಪರಿಭಾಷೆಯಲ್ಲಿಯೇ ಅವರು ಭವರೋಗದ ಮಾತನ್ನಾಡಿದರು. ವೈದ್ಯವು ನಮ್ಮ ಪರಂಪರೆಯಲ್ಲಿಯೂ ಒಂದು ಕಾಯಕವೇ ಹೊರತು ವ್ಯಾಪಾರವಲ್ಲ.

ಕೊನೆಯ ದಿನ, ತಲೆಗೆ ಬಟ್ಟೆ ಸುತ್ತಿ, ಕಾರಿನ ಗಾಜು ಏರಿಸಿಕೊಂಡು ಹೋಗಿ ಬರಲು ವೈದ್ಯೆಯವರು ಒಪ್ಪಿದರು. ನಾವು ನೋಡಬೇಕೆಂದಿದ್ದುದು ನೆಯ್ಯಾಟ್ಟಿಂಕರೆಯ ಸಮೀಪದ ಅರುವಿಪ್ಪುರಂ. 1888ರ ಶಿವರಾತ್ರಿಯಂದು ಶ್ರೀ ನಾರಾಯಣ ಗುರುಗಳು ನೆಯ್ಯಾರ್ ನದಿಯಲ್ಲಿ ಮುಳುಗಿ ತಂದ ಕಲ್ಲೊಂದನ್ನು ಶಿವಲಿಂಗವೆಂದು ಪ್ರತಿಷ್ಠಾಪಿಸಿದ ಸ್ಥಳವದು. ದೇವಾಲಯದ ಬೀದಿಯಲ್ಲಿ ನಡೆಯುವುದಕ್ಕೂ ಅಡ್ಡಿಯಿದ್ದ ಜನರ ನಡುವೆ ಹುಟ್ಟಿದವರು ಅವರು. ಆ ಅಧಿಕಾರ ನಿಮಗೆಲ್ಲಿಯದೆಂದು ಕೇಳಿದವರಿಗೆ, ತಾವು ಪ್ರತಿಷ್ಠಾಪಿಸಿದ್ದು ತಮ್ಮವರ ಶಿವನನ್ನೆಂದು ಶಾಂತವಾಗಿ ಉತ್ತರಿಸಿದರಂತೆ. ಜಾತಿಭೇದ, ಮತದ್ವೇಷಗಳಿಲ್ಲದೆ ಎಲ್ಲರೂ ಸೋದರರಂತೆ ಬಾಳುವ ಮಾದರಿಯ ತಾಣ ಇದಾಗಲೆಂಬುದು ಅವರು ಅಲ್ಲಿ ಬರೆಸಿದ ಸಂದೇಶದ ಸಾರ. ತಮ್ಮ ಬಾಳಿನ ಕೊನೆಯ ಭಾಗದಲ್ಲಿ, 1927ರಲ್ಲಿ, ಕಳವಂಕೋಡಿನಲ್ಲಿ ಅವರು ವಿಗ್ರಹದ ಬದಲು ಕನ್ನಡಿಯನ್ನೇ ಪ್ರತಿಷ್ಠಾಪಿಸಿದರು. ಅವರು ಸಮಾಧಿಯಾದ ಎಂಟು ವರ್ಷಗಳ ಮೇಲೆ, 1936ರಲ್ಲಿ, ತಿರುವಾಂಕೂರಿನ ದೇವಾಲಯಗಳ ಬಾಗಿಲು ಎಲ್ಲ ಹಿಂದೂಗಳಿಗೂ ತೆರೆಯಿತು. ಕಲ್ಯಾಣದಲ್ಲಿ ಏಳುನೂರು ವರ್ಷಗಳಿಗೂ ಮೊದಲು ಹೊತ್ತಿದ ಬೆಳಕು ಬೇರೊಂದು ನಾಡಿನಲ್ಲಿ, ಬೇರೊಬ್ಬ ಮಹಾತ್ಮರ ಕೈಯಲ್ಲಿ, ಕಲ್ಲಾಗಿ, ಕನ್ನಡಿಯಾಗಿ ಹೊಳೆದುದನ್ನು ಕಂಡು ಧನ್ಯರಾದೆವು. ನದಿಯ ದಡಕ್ಕೆ ಇಳಿಯುವ ಮೆಟ್ಟಿಲುಗಳನ್ನು ನಮ್ಮ ಮನೆಯವರು ಕಂಬಿ ಹಿಡಿದು, ಆದರೆ ಯಾರ ತೋಳನ್ನೂ ಹಿಡಿಯದೆ, ಇಳಿದರು.

ಹೊರಡುವ ಮುಂಜಾನೆ ಪರಿಚಾರಿಕೆಯು ಬೀಳ್ಕೊಡಲು ಬಂದಳು. ನಮ್ಮ ಮನೆಯವರು ಆಕೆಯನ್ನು ಮಂಚದ ಮೇಲೆ ಕೂರಿಸಿ, ಬಟ್ಟಲಲ್ಲಿ ಉಳಿದಿದ್ದ ಎಣ್ಣೆಯನ್ನು ತೆಗೆದುಕೊಂಡು ಆಕೆಯ ಮಣಿಕಟ್ಟುಗಳನ್ನು ತಿಕ್ಕಿದರು. ಆಕೆ ಮೊದಲು ಕೈ ಹಿಂದೆಳೆದುಕೊಂಡಳು, ಆಮೇಲೆ ಸುಮ್ಮನಾದಳು. ಸೇವೆ ಮಾಡುವುದಕ್ಕಿಂತ ಮಾಡಿಸಿಕೊಳ್ಳುವುದೇ ಕಷ್ಟವೆಂದು ಇಬ್ಬರಿಗೂ ತಿಳಿದಿತ್ತು. ನಾವು ಹೊರಗೆ ಬಂದು ಮಳೆಯನ್ನು ನೋಡುತ್ತ ನಿಂತೆವು.

ಇಂತಹ ಚಿಕಿತ್ಸೆಗೆ ಹೋಗಬಯಸುವ ಬಂಧುಗಳಿಗೆ ಎರಡು ಮಾತು. ಪದವೀಧರ ವೈದ್ಯರು ಅಲ್ಲಿಯೇ ಇದ್ದಾರೆಯೇ ಎಂದು ಮೊದಲು ವಿಚಾರಿಸಬೇಕು. ಹೆಂಗಸರಿಗೆ ಹೆಂಗಸರು, ಗಂಡಸರಿಗೆ ಗಂಡಸರೇ ಚಿಕಿತ್ಸೆ ಮಾಡಬೇಕು. ಕೇರಳದ ಪ್ರವಾಸೋದ್ಯಮ ಇಲಾಖೆಯ ಮಾನ್ಯತೆಗೆ ಇದೂ ಒಂದು ನಿಬಂಧನೆ. ಹೃದ್ರೋಗ, ಜ್ವರ, ವ್ರಣಗಳಿದ್ದರೆ ಮುಚ್ಚಿಡಬಾರದು. ನಿತ್ಯದ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು. ಎಷ್ಟು ದಿನ ಚಿಕಿತ್ಸೆಯೋ ಕನಿಷ್ಠ ಅಷ್ಟು ದಿನ ಮನೆಯಲ್ಲಿಯೂ ಪಥ್ಯ, ವಿಶ್ರಾಂತಿಗಳಿರಬೇಕು. ಇದನ್ನು ಅವರು 'ನಲ್ಲಿರಿಕ್ಕ' ಎನ್ನುತ್ತಾರೆ. ದೂರ ಹೋಗಲಾಗದವರು ನಿರಾಶರಾಗಬೇಕಿಲ್ಲ. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಕಂಕಣವಾಡಿ ಆಯುರ್ವೇದ ಮಹಾವಿದ್ಯಾಲಯ, ಗದಗಿನಲ್ಲಿ ಡಿ.ಜಿ.ಎಂ. ಆಯುರ್ವೇದ ಮಹಾವಿದ್ಯಾಲಯ ಮೊದಲಾದವು ನಮ್ಮ ನೆಲದಲ್ಲಿಯೇ ಇವೆ.

ಊರಿಗೆ ಮರಳಿದ ಮೇಲೆ ನೋವು ಪೂರ್ತಿ ಹೋಯಿತೇ ಎಂದು ಎಲ್ಲರೂ ಕೇಳುತ್ತಾರೆ. ಹೋಗಿಲ್ಲ. ನಿದ್ರೆ ಬಂದಿದೆ, ಮೆಟ್ಟಿಲು ಹತ್ತುವುದು ಹಗುರವಾಗಿದೆ. ಮಳೆ ಬಂದ ದಿನ ಮೊಣಕಾಲು ತನ್ನ ಇರವನ್ನು ಹೇಳುತ್ತದೆ. ಆದರೆ ಮನೆಯ ದಿನಚರಿಯಲ್ಲಿ ಒಂದು ಬದಲಾವಣೆಯಾಗಿದೆ. ಈಗ ದಾಸೋಹದ ದಿನ ಬಡಿಸುವವರು ನಾವು. ಅವರು ಕುಳಿತು ಉಣ್ಣುತ್ತಾರೆ. ರಾತ್ರಿ ಲಿಂಗಪೂಜೆ ಮುಗಿದ ಮೇಲೆ ಸಣ್ಣ ಬಟ್ಟಲಲ್ಲಿ ಎಣ್ಣೆ ಬೆಚ್ಚಗಾಗುತ್ತದೆ. ನಮ್ಮ ಕೈಗೆ ಆ ಪರಿಚಾರಿಕೆಯ ಹದ ಇನ್ನೂ ಬಂದಿಲ್ಲವೆಂದು ನಮ್ಮ ಮನೆಯವರು ದಿನವೂ ಹೇಳುತ್ತಾರೆ. ಹೇಳುತ್ತಲೇ ನಿದ್ರೆ ಹೋಗುತ್ತಾರೆ.